ಮೆಸ್ಮರೈಸಿಂಗ್ ಅಂದರೆ ಬರೀ ‘ಸುಂದರ’ ಅಲ್ಲ: ಹೆಸರೇ ಪದವಾಗಿ ಹೋದ ಡಾಕ್ಟರ್ ಮೆಸ್ಮರ್ ಕಥೆ

ಬೆಳಗಾದರೆ ಗುಡ್ ಮಾರ್ನಿಂಗ್ ಗುಲಾಬಿಯ ಬೆನ್ನಿಗೇ ಬರುವ ಇನ್ನೊಂದು ಫಾರ್ವರ್ಡ್ ನಿಮಗೂ ಗೊತ್ತಿರುತ್ತದೆ: ದಿನಕ್ಕೊಂದು ಇಂಗ್ಲಿಷ್ ಪದ. ಚೌಕದೊಳಗೆ ಒಂದು ಪದ, ಕೆಳಗೆ ಕನ್ನಡ ಅರ್ಥ, ಅದರ ಕೆಳಗೊಂದು ಉದಾಹರಣೆ. ‘ಮೆಸ್ಮರೈಸಿಂಗ್’ ಎಂಬ ಪದ ಇಂಥ ಕಡೆ ಬಂದಾಗ ಅರ್ಥ ಸಾಮಾನ್ಯವಾಗಿ ‘ತುಂಬಾ ಸುಂದರವಾದ’ ಎಂದಿರುತ್ತದೆ. ಸಿನಿಮಾ ವಿಮರ್ಶೆಯಲ್ಲಿ, ರೀಲ್ಸ್ ಕೆಳಗಿನ ಕಾಮೆಂಟಿನಲ್ಲಿ, ಸೀರೆ ಜಾಹೀರಾತಿನಲ್ಲೂ ಪದ ಅದೇ ಅರ್ಥ ಹೊತ್ತು ಓಡಾಡುತ್ತಿದೆ.

ಆ ಅರ್ಥ ಅರ್ಧ ಮಾತ್ರ ಸರಿ. ಈ ಪದದೊಳಗೆ ಒಬ್ಬ ಮನುಷ್ಯ ಕೂತಿದ್ದಾನೆ, ಹೆಸರು ಮೆಸ್ಮರ್. ಸುಮಾರು 250 ವರ್ಷದ ಹಿಂದೆ ಯುರೋಪಿನ ಎರಡು ದೊಡ್ಡ ನಗರಗಳನ್ನು ಮರುಳು ಮಾಡಿದ್ದ ವೈದ್ಯ. ಇವತ್ತು ನಿಮ್ಮ ಗ್ರೂಪಿಗೆ ಬರುವ ಅಯಸ್ಕಾಂತದ ಬಳೆ, ಬಯೋ ಮ್ಯಾಗ್ನೆಟಿಕ್ ಹಾಸಿಗೆ, ‘ಶಕ್ತಿ ತುಂಬಿದ’ ನೀರಿನ ಬಾಟಲಿಗಳಿಗೆಲ್ಲ ಈತ ಒಂದು ರೀತಿಯಲ್ಲಿ ಮುತ್ತಜ್ಜ. ಹಾಗಾಗಿ ಪದದ ಅರ್ಥ ತಿಳಿಯುವ ನೆಪದಲ್ಲಿ ಆತನ ಬದುಕನ್ನೇ ಒಂದು ಸುತ್ತು ನೋಡಿ ಬರೋಣ.

ಚಂದ್ರ ಸಮುದ್ರವನ್ನು ಎಳೆದರೆ ನಮ್ಮನ್ನೂ ಎಳೆಯಬೇಕಲ್ಲ?

ಫ್ರಾಂಟ್ಸ್ ಆಂಟೊನ್ ಮೆಸ್ಮರ್ ಹುಟ್ಟಿದ್ದು 1734ರ ಮೇ 23ರಂದು, ಈಗಿನ ಜರ್ಮನಿಯ ದಕ್ಷಿಣ ಅಂಚಿನ ಕಾನ್‌ಸ್ಟೆನ್ಸ್ ಸರೋವರದ ದಡದಲ್ಲಿರುವ ಇಟ್ಸ್‌ನಾಂಗ್ ಎಂಬ ಹಳ್ಳಿಯಲ್ಲಿ. ತಂದೆಗೆ ಕಾಡು ಕಾಯುವ ಕೆಲಸ. ಹುಡುಗ ಜೆಸ್ಯೂಟ್ ಪಾದ್ರಿಗಳ ವಿದ್ಯಾಸಂಸ್ಥೆಗಳಲ್ಲಿ ಓದಿ, ವಿಯೆನ್ನಾಕ್ಕೆ ಬಂದು, ಕಾನೂನು ಓದಲು ಹೊರಟು ಬಿಟ್ಟು, ಕೊನೆಗೆ ವೈದ್ಯಕೀಯ ಸೇರಿದ. 1766ರಲ್ಲಿ ಪದವಿ ಸಿಕ್ಕಾಗ ವಯಸ್ಸು 32.

ಆತ ಪದವಿಗಾಗಿ ಬರೆದ ಪ್ರಬಂಧದ ವಿಷಯ, ಮನುಷ್ಯನ ದೇಹದ ಮೇಲೆ ಗ್ರಹಗಳ ಪ್ರಭಾವ. ಜ್ಯೋತಿಷ್ಯ ಅಂತ ನಗಬೇಡಿ. ಚಂದ್ರ ಮತ್ತು ಸೂರ್ಯರ ಸೆಳೆತದಿಂದ ಸಮುದ್ರ ಉಬ್ಬುತ್ತದೆ ಎಂದು ನ್ಯೂಟನ್ ಲೆಕ್ಕ ಹಾಕಿ ತೋರಿಸಿ ಆಗಿನ್ನೂ ನೂರು ವರ್ಷ ಕೂಡ ಆಗಿರಲಿಲ್ಲ. ಸಮುದ್ರದ ನೀರು ಉಬ್ಬುವುದಾದರೆ ದೇಹದೊಳಗಿನ ದ್ರವ ಯಾಕೆ ಉಬ್ಬಬಾರದು ಎಂಬ ಪ್ರಶ್ನೆ ಆ ಕಾಲಕ್ಕೆ ಬುದ್ಧಿವಂತರ ಪ್ರಶ್ನೆಯೇ. ಅಂದಹಾಗೆ ಆ ಪ್ರಬಂಧದ ಸಾಕಷ್ಟು ಭಾಗ ರಿಚರ್ಡ್ ಮೀಡ್ ಎಂಬ ಇಂಗ್ಲಿಷ್ ವೈದ್ಯನ ಪುಸ್ತಕದಿಂದ ಎತ್ತಿದ್ದು ಎಂಬುದು ಬಹಳ ಕಾಲದ ನಂತರ ಬೆಳಕಿಗೆ ಬಂತು. ಕಾಪಿ ಪೇಸ್ಟ್ ಮೊಬೈಲಿನ ಜೊತೆ ಹುಟ್ಟಿದ್ದಲ್ಲ.

ಇದೇ ವಾದ ಇವತ್ತಿಗೂ ಹುಣ್ಣಿಮೆಗೊಮ್ಮೆ ಫಾರ್ವರ್ಡ್ ಆಗಿ ಬರುತ್ತದೆ: ದೇಹದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು, ಆದ್ದರಿಂದ ಚಂದ್ರ ನಮ್ಮ ಮೆದುಳನ್ನೂ ಎಳೆಯುತ್ತಾನೆ ಎಂದು. ಉಬ್ಬರ ಉಂಟಾಗುವುದು ಒಂದು ವಸ್ತುವಿನ ಈ ತುದಿಗೂ ಆ ತುದಿಗೂ ಚಂದ್ರನ ಎಳೆತದಲ್ಲಿರುವ ವ್ಯತ್ಯಾಸದಿಂದ. ಭೂಮಿಯ ಅಡ್ಡಗಲ ಸುಮಾರು 12,700 ಕಿಲೋಮೀಟರ್. ಹಾಗಾಗಿ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಾಗುತ್ತದೆ. ನೀವು ಆರಡಿ ಎತ್ತರವಿದ್ದರೂ ನಿಮ್ಮ ತಲೆಗೂ ಕಾಲಿಗೂ ನಡುವೆ ಆ ವ್ಯತ್ಯಾಸ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಊರ ಕೆರೆಯಲ್ಲೇ ಉಬ್ಬರ ಇಳಿತ ಕಾಣುವುದಿಲ್ಲ, ಇನ್ನು ತಲೆಯೊಳಗೆಲ್ಲಿಂದ?

1768ರಲ್ಲಿ ಮೆಸ್ಮರ್ ವಿಯೆನ್ನಾದ ಶ್ರೀಮಂತ ವಿಧವೆಯೊಬ್ಬಳನ್ನು ಮದುವೆಯಾದ. ದೊಡ್ಡ ಮನೆ, ತೋಟ, ಮನೆಯಲ್ಲಿ ಸಂಗೀತ ಕೂಟಗಳು. ಮೊಜಾರ್ಟ್ ಕುಟುಂಬ ಈ ಮನೆಗೆ ಹೋಗಿ ಬರುತ್ತಿತ್ತು. ಆಗಿನ್ನೂ ಮೊಜಾರ್ಟ್ ಬಾಲಕ. ಮೆಸ್ಮರ್ ಬಳಿ ಗ್ಲಾಸ್ ಆರ್ಮೋನಿಕಾ ಎಂಬ ವಾದ್ಯವಿತ್ತು, ಅದನ್ನು ಚೆನ್ನಾಗಿ ನುಡಿಸುತ್ತಲೂ ಇದ್ದ. ತಿರುಗುವ ಗಾಜಿನ ಬಟ್ಟಲುಗಳ ಅಂಚನ್ನು ಒದ್ದೆ ಬೆರಳಿನಿಂದ ಸವರಿದರೆ ಎಲ್ಲಿಂದಲೋ ತೇಲಿ ಬಂದಂಥ ನಾದ ಹೊರಡುತ್ತದೆ. ಅದನ್ನು 1761ರಲ್ಲಿ ರೂಪಿಸಿದವನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಈ ಹೆಸರು ನೆನಪಿಟ್ಟುಕೊಳ್ಳಿ.

ಅಯಸ್ಕಾಂತ ಬಂತು, ಅಯಸ್ಕಾಂತ ಹೋಯಿತು

1774ರಲ್ಲಿ ಮೆಸ್ಮರ್ ಬಳಿ ಓಸ್ಟರ್ಲಿನ್ ಎಂಬ ಯುವತಿ ಚಿಕಿತ್ಸೆಗಿದ್ದಳು. ಹಲ್ಲುನೋವು, ಕಿವಿನೋವು, ಸೆಳೆತ, ವಾಂತಿ, ಮೂರ್ಛೆ, ಹೀಗೆ ಆಕೆಯ ತೊಂದರೆ ಒಂದೆರಡಲ್ಲ. ಯಾವ ಔಷಧಿಗೂ ಜಗ್ಗಿರಲಿಲ್ಲ. ಮೆಸ್ಮರ್ ಆಕೆಗೆ ಕಬ್ಬಿಣದ ಅಂಶವಿದ್ದ ಔಷಧಿ ಕುಡಿಸಿ, ಮೈಮೇಲೆ ಅಲ್ಲಲ್ಲಿ ಅಯಸ್ಕಾಂತ ಇಟ್ಟ. ಮೈಯೊಳಗೆ ಏನೋ ಹರಿದು ಕೆಳಗಿಳಿದಂತೆ ಆಕೆಗೆ ಅನ್ನಿಸಿತು. ಕೆಲವು ಗಂಟೆ ತೊಂದರೆ ಶಮನವಾಯಿತು. ಮತ್ತೆ ಮತ್ತೆ ಮಾಡಿದಾಗ ಆಕೆ ಚೇತರಿಸಿಕೊಂಡಳು.

ಅಯಸ್ಕಾಂತ ಮಾಡಿಕೊಟ್ಟವನು ಮ್ಯಾಕ್ಸಿಮಿಲಿಯನ್ ಹೆಲ್ ಎಂಬ ಖಗೋಳ ವಿಜ್ಞಾನಿ ಪಾದ್ರಿ. ಗುಣವಾದದ್ದು ತನ್ನ ಅಯಸ್ಕಾಂತದಿಂದ ಎಂದು ಆತ, ತನ್ನ ಸಿದ್ಧಾಂತದಿಂದ ಎಂದು ಈತ. ಇಬ್ಬರಿಗೂ ಬಹಿರಂಗವಾಗಿಯೇ ಜಗಳವಾಯಿತು. ಅಷ್ಟರಲ್ಲಿ ಮೆಸ್ಮರ್‌ಗೆ ಒಂದು ವಿಚಿತ್ರ ಗಮನಕ್ಕೆ ಬಂದಿತ್ತು. ಅಯಸ್ಕಾಂತ ಇಲ್ಲದೆ ಬರೀ ಕೈ ಆಡಿಸಿದರೂ ರೋಗಿಗಳಿಗೆ ಅದೇ ಅನುಭವ ಆಗುತ್ತಿತ್ತು. ಕಾಗದ, ಬಟ್ಟೆ, ನೀರು, ಯಾವುದನ್ನು ಮುಟ್ಟಿ ಕೊಟ್ಟರೂ ಅದೇ.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ತಿರುವು ಇದು. ಅಯಸ್ಕಾಂತ ತೆಗೆದರೂ ಪರಿಣಾಮ ಹಾಗೇ ಉಳಿಯಿತು ಅಂದರೆ ಎರಡು ಸಾಧ್ಯತೆ. ಒಂದು, ಶಕ್ತಿ ವೈದ್ಯನ ಮೈಯಲ್ಲಿದೆ. ಇನ್ನೊಂದು, ಏನಾದರೂ ಆಗುತ್ತದೆ ಎಂದು ರೋಗಿ ನಂಬಿದ್ದರಿಂದಲೇ ಆಗುತ್ತಿದೆ. ಮೆಸ್ಮರ್ ಎರಡನೆಯದನ್ನು ಪರೀಕ್ಷಿಸಲೇ ಇಲ್ಲ. ಜಗತ್ತನ್ನೆಲ್ಲ ತುಂಬಿರುವ ಒಂದು ಸೂಕ್ಷ್ಮ ದ್ರವವಿದೆ, ಅದು ದೇಹದಲ್ಲಿ ಸರಿಯಾಗಿ ಹರಿಯದಿದ್ದರೆ ರೋಗ, ಅದನ್ನು ಹರಿಸುವ ಶಕ್ತಿ ತನ್ನಲ್ಲಿದೆ ಎಂದು ತೀರ್ಮಾನಿಸಿ, ಅದಕ್ಕೆ ‘ಅನಿಮಲ್ ಮ್ಯಾಗ್ನೆಟಿಸಂ’ ಎಂದು ಹೆಸರಿಟ್ಟ. ಇಲ್ಲಿ ಅನಿಮಲ್ ಅಂದರೆ ಮೃಗ ಅಂತ ಅಲ್ಲ. ಕಲ್ಲು ಲೋಹಗಳ ಕಾಂತತ್ವದಿಂದ ಬೇರೆಯಾದ, ಜೀವ ಇರುವ ದೇಹದ ಕಾಂತತ್ವ ಎಂದಷ್ಟೆ. ಇಂಗ್ಲಿಷಿನಲ್ಲಿ ಈಗ ಯಾರದೋ ಮೈಕಟ್ಟಿನ ಆಕರ್ಷಣೆಗೆ ‘ಅನಿಮಲ್ ಮ್ಯಾಗ್ನೆಟಿಸಂ’ ಅನ್ನುತ್ತಾರಲ್ಲ, ಅದು ಆಮೇಲೆ ಅಂಟಿಕೊಂಡ ಅರ್ಥ.

ಕುರುಡು ಪಿಯಾನೊ ವಾದಕಿ

1777ರಲ್ಲಿ ಮೆಸ್ಮರ್ ಕೈಗೆ ಬಂದ ರೋಗಿ ವಿಯೆನ್ನಾಕ್ಕೆಲ್ಲ ಪರಿಚಿತಳು. ಮರಿಯಾ ತೆರೇಸಿಯಾ ಫಾನ್ ಪ್ಯಾರಡಿಸ್, ವಯಸ್ಸು 18, ಅದ್ಭುತ ಪಿಯಾನೊ ವಾದಕಿ. ಸುಮಾರು ಮೂರನೇ ವಯಸ್ಸಿನಲ್ಲಿ ದೃಷ್ಟಿ ಹೋಗಿತ್ತು. ತಂದೆ ಆಸ್ಥಾನದ ಅಧಿಕಾರಿ. ಹುಡುಗಿಗೆ ಮಹಾರಾಣಿಯಿಂದ ಪಿಂಚಣಿ ಬರುತ್ತಿತ್ತು. ಹೆಸರಾಂತ ವೈದ್ಯರು ವರ್ಷಗಟ್ಟಲೆ ಜಿಗಣೆ ಹಚ್ಚಿ, ಪಟ್ಟಿ ಹಾಕಿ, ಕೊನೆಗೆ ಕಣ್ಣಿಗೆ ವಿದ್ಯುತ್ ಶಾಕ್ ಕೂಡ ಕೊಟ್ಟು ನೋಡಿದ್ದರು. ಆ ಹಿಂಸೆಗೆ ಹೋಲಿಸಿದರೆ ಮೆಸ್ಮರ್‌ನ ಕೈಯಾಟ ಎಷ್ಟೋ ಮೃದು.

ಆಕೆ ಮೆಸ್ಮರ್ ಮನೆಯಲ್ಲೇ ಉಳಿದಳು. ಕೆಲವು ವಾರಗಳಲ್ಲಿ ಆಕೆಗೆ ಆಕಾರಗಳು ಕಾಣತೊಡಗಿವೆ ಎಂಬ ಸುದ್ದಿ ಹಬ್ಬಿತು. ತಂದೆಯೂ ಮೊದಮೊದಲು ಹಿಗ್ಗಿದ. ಆದರೆ ಮೆಸ್ಮರ್ ಹತ್ತಿರ ಇದ್ದಾಗ ಮಾತ್ರ ಆಕೆಗೆ ಕಾಣುತ್ತದೆ ಎಂದು ಇತರ ವೈದ್ಯರು ಆಕ್ಷೇಪ ಎತ್ತಿದರು. ಇನ್ನೊಂದು ಸಂಕಟವೂ ಇತ್ತು. ಬೆಳಕು ಕಾಣುತ್ತಿದೆ ಅಂದಾಗಿನಿಂದ ಆಕೆಯ ಬೆರಳು ಪಿಯಾನೊ ಮೇಲೆ ತಪ್ಪತೊಡಗಿತು. ದೃಷ್ಟಿಯೂ ಪೂರ್ತಿ ಬಾರದೆ, ಸಂಗೀತವೂ ಹೋಗಿ, ಪಿಂಚಣಿಯೂ ನಿಂತರೆ? ಮನೆಯವರು ಮಗಳನ್ನು ಕರೆದೊಯ್ಯಲು ಬಂದರು. ಆಕೆ ಒಲ್ಲೆ ಎಂದಳು. ಮೆಸ್ಮರ್ ಮನೆಯಲ್ಲಿ ದೊಡ್ಡ ರಂಪವೇ ಆಯಿತು. ಕೊನೆಗೂ ಆಕೆಯನ್ನು ಕರೆದೊಯ್ದರು. ಆಮೇಲೆ ಆಕೆ ಬದುಕಿಡೀ ಕುರುಡಿಯಾಗಿಯೇ ಉಳಿದಳು.

ಆಕೆಗೆ ಆ ವಾರಗಳಲ್ಲಿ ನಿಜಕ್ಕೂ ಏನು ಕಂಡಿತು ಎಂಬ ಬಗ್ಗೆ ಇಂದಿಗೂ ಪುಸ್ತಕಗಳು ಬರುತ್ತಿವೆ. ಮೆಸ್ಮರ್‌ಗಂತೂ ವಿಯೆನ್ನಾದಲ್ಲಿ ತಲೆ ಎತ್ತಿ ಓಡಾಡುವ ಹಾಗಿರಲಿಲ್ಲ. ಹೆಂಡತಿಯನ್ನು ಅಲ್ಲೇ ಬಿಟ್ಟು 1778ರ ಫೆಬ್ರವರಿಯಲ್ಲಿ ಪ್ಯಾರಿಸ್ ಸೇರಿದ.

ತೊಟ್ಟಿಯ ಸುತ್ತ ಪ್ಯಾರಿಸ್

ಪ್ಯಾರಿಸ್‌ನಲ್ಲಿ ರೋಗಿಗಳು ಎಷ್ಟು ಮುಗಿಬಿದ್ದರೆಂದರೆ ಒಬ್ಬೊಬ್ಬರಿಗೇ ಕೈ ಆಡಿಸಿ ಪೂರೈಸದಾಯಿತು. ಮೆಸ್ಮರ್ ಒಂದು ಉಪಾಯ ಮಾಡಿದ. ಓಕ್ ಮರದ ಒಂದು ದೊಡ್ಡ ಮುಚ್ಚಿದ ತೊಟ್ಟಿ. ಒಳಗೆ ‘ಕಾಂತೀಕರಿಸಿದ’ ನೀರಿನ ಬಾಟಲಿ, ಕಬ್ಬಿಣದ ಪುಡಿ, ಗಾಜಿನ ಚೂರು. ಮುಚ್ಚಳದ ತೂತುಗಳಿಂದ ಬಾಗಿದ ಕಬ್ಬಿಣದ ಸರಳುಗಳು ಹೊರಚಾಚಿರುತ್ತಿದ್ದವು. ರೋಗಿಗಳು ಸುತ್ತ ಕೂತು, ನೋವಿರುವ ಜಾಗಕ್ಕೆ ಸರಳು ತಾಗಿಸಿಕೊಂಡು, ಒಬ್ಬರಿಗೊಬ್ಬರು ಹಗ್ಗದಿಂದಲೂ ಹೆಬ್ಬೆರಳಿನಿಂದಲೂ ಬೆಸೆದುಕೊಂಡು ಕಾಯುವುದು.

ಕೋಣೆಗೆ ದಪ್ಪ ಪರದೆ, ಮಂದ ಬೆಳಕು, ಗೋಡೆಗೆ ಕನ್ನಡಿ, ಹಿನ್ನೆಲೆಯಲ್ಲಿ ಸಂಗೀತ, ಕೆಲವೊಮ್ಮೆ ಅದೇ ಗ್ಲಾಸ್ ಆರ್ಮೋನಿಕಾ. ನೇರಳೆ ಬಣ್ಣದ ರೇಷ್ಮೆ ನಿಲುವಂಗಿ ತೊಟ್ಟ ಮೆಸ್ಮರ್ ಕೈಯಲ್ಲಿ ಕೋಲು ಹಿಡಿದು ನಡುವೆ ನಡೆದಾಡುತ್ತಿದ್ದ. ಸಂವಹನ ಓದಿದ ನನಗೆ ಇದನ್ನು ಓದುವಾಗ ತೊಟ್ಟಿಗಿಂತ ಪರದೆ, ಸಂಗೀತ, ನಿಲುವಂಗಿಗಳೇ ಹೆಚ್ಚು ಕೆಲಸ ಮಾಡಿದಂತೆ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರು ಕೆಮ್ಮತೊಡಗುವರು, ಇನ್ನೊಬ್ಬರಿಗೆ ಅಳು, ಮತ್ತೊಬ್ಬರಿಗೆ ತಡೆಯಲಾಗದ ನಗು. ಒಬ್ಬರಿಗೆ ಸೆಳೆತ ಶುರುವಾದರೆ ಪಕ್ಕದವರಿಗೂ ಹರಡುತ್ತಿತ್ತು. ತೀರಾ ಜೋರಾದವರನ್ನು ಮೆತ್ತೆ ಹೊದಿಸಿದ ಬೇರೆ ಕೋಣೆಗೆ ಒಯ್ಯುತ್ತಿದ್ದರು. ಈ ಸ್ಥಿತಿಗೆ ಮೆಸ್ಮರ್ ಇಟ್ಟ ಹೆಸರು ‘ಕ್ರೈಸಿಸ್’. ತಡೆಹಿಡಿದಿದ್ದ ದ್ರವ ಒಡೆದು ಹರಿಯುವ ಗುರುತು ಅದು, ಆಮೇಲೆ ರೋಗ ವಾಸಿ ಎಂಬುದು ಆತನ ಲೆಕ್ಕ.

ಇಲ್ಲಿ ಪದದ ವಿಷಯಕ್ಕೆ ಒಂದು ನಿಮಿಷ ಬರಬೇಕು. ಮೆಸ್ಮರೈಸ್ ಅಂದಕೂಡಲೇ ನಮಗೆ ನೆನಪಾಗುವುದು ಕಣ್ಣೆವೆ ಮುಚ್ಚದೆ, ಮೈಮರೆತು, ಸದ್ದಿಲ್ಲದೆ ಕೂತ ಮನುಷ್ಯ. ಮೆಸ್ಮರ್ ಬಯಸಿದ್ದು ಇದಕ್ಕೆ ತದ್ವಿರುದ್ಧ. ಆತನ ಚಿಕಿತ್ಸೆಯ ಗುರಿಯೇ ಅಳು, ಕೂಗಾಟ, ಸೆಳೆತ. ಹಾಗಾದರೆ ನಿದ್ದೆಯ ಅರ್ಥ ಎಲ್ಲಿಂದ ಬಂತು? ಸ್ವಲ್ಪ ತಡೆಯಿರಿ.

ಹಣ ಹೊಳೆಯಾಗಿ ಹರಿಯಿತು. ರಾಜನ ತಮ್ಮನ ವೈದ್ಯನಾಗಿದ್ದ ಶಾರ್ಲ್ ದೆಲೋನ್ ಶಿಷ್ಯನಾದ. 1781ರಲ್ಲಿ ರಾಣಿ ಮರಿ ಆಂತ್ವಾನೆತ್ ಕಡೆಯಿಂದ ಜೀವನಪೂರ್ತಿ ದೊಡ್ಡ ಪಿಂಚಣಿಯ ಪ್ರಸ್ತಾಪ ಬಂತು. ಸರ್ಕಾರ ನೇಮಿಸಿದವರು ವಿದ್ಯೆಯನ್ನು ನೋಡಿ ಕಲಿಯಬೇಕು ಎಂಬ ಷರತ್ತಿದ್ದುದರಿಂದ ಮೆಸ್ಮರ್ ಒಪ್ಪಲಿಲ್ಲ. ಬದಲಿಗೆ ಅಭಿಮಾನಿಗಳು ಒಂದು ಸಂಘ ಕಟ್ಟಿದರು. ತಲಾ ನೂರು ಲೂಯಿ ಚಿನ್ನದ ನಾಣ್ಯ ಕೊಟ್ಟು, ಗುಟ್ಟು ಕಾಯುತ್ತೇನೆಂದು ಬರೆದುಕೊಟ್ಟವರಿಗೆ ಮಾತ್ರ ಪಾಠ. ಇಡೀ ಮಾನವಕುಲಕ್ಕೆ ಸೇರಿದ ಸತ್ಯ ಎಂದು ತಾನೇ ಸಾರುತ್ತಿದ್ದ ವಿದ್ಯೆಗೆ ಇಂಥ ಬೀಗ! ನನ್ನ ಪ್ರಕಾರ ಮೆಸ್ಮರ್ ಬೇಕೆಂದೇ ಮೋಸ ಮಾಡಿದವನಲ್ಲ, ತಾನು ಹೇಳಿದ್ದನ್ನು ಕೊನೆಯವರೆಗೂ ನಂಬಿದ್ದ. ಆದರೆ ಬೇರೆಯವರು ಪರೀಕ್ಷೆ ಮಾಡುತ್ತೇವೆ ಅಂದಾಗಲೆಲ್ಲ ಹಿಂದೆ ಸರಿದಿದ್ದೂ ಅಷ್ಟೇ ನಿಜ.

ಕಣ್ಣಿಗೆ ಬಟ್ಟೆ ಕಟ್ಟಿ ನೋಡಿದರು

1784ರಲ್ಲಿ ರಾಜ 16ನೇ ಲೂಯಿ ಒಂದು ತನಿಖಾ ಸಮಿತಿ ನೇಮಿಸಿದ. ಪ್ಯಾರಿಸ್ ವೈದ್ಯಕೀಯ ವಿಭಾಗದಿಂದ ನಾಲ್ವರು, ವಿಜ್ಞಾನ ಅಕಾಡೆಮಿಯಿಂದ ಐವರು. ಪಟ್ಟಿ ನೋಡಿದರೆ ಬೆರಗಾಗುತ್ತದೆ: ಆಧುನಿಕ ರಸಾಯನಶಾಸ್ತ್ರದ ಪಿತಾಮಹ ಲವಾಸಿಯೆ, ಖಗೋಳ ವಿಜ್ಞಾನಿ ಬೈಯಿ, ವೈದ್ಯ ಗಿಯೊತೆಂ. ಸಮಿತಿಯ ಮುಖ್ಯಸ್ಥ, ಆಗ ಫ್ರಾನ್ಸ್‌ನಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದ 78 ವರ್ಷದ ಬೆಂಜಮಿನ್ ಫ್ರಾಂಕ್ಲಿನ್. ಹೌದು, ಆ ಗಾಜಿನ ವಾದ್ಯದವನೇ.

ಮೆಸ್ಮರ್ ಸಹಕರಿಸಲಿಲ್ಲ. ಶಿಷ್ಯ ದೆಲೋನ್ ಒಪ್ಪಿಕೊಂಡ. ಅಷ್ಟರಲ್ಲಿ ಗುರುಶಿಷ್ಯರ ನಡುವೆ ಬಿರುಕು ಬಿಟ್ಟಿತ್ತು. ಫ್ರಾಂಕ್ಲಿನ್‌ಗೆ ಮೂತ್ರಕೋಶದ ಕಲ್ಲಿನ ಬಾಧೆಯಿಂದ ಓಡಾಟ ಕಷ್ಟವಾಗಿದ್ದರಿಂದ ಕೆಲವು ಪರೀಕ್ಷೆಗಳು ಪ್ಯಾರಿಸ್ ಹೊರಗಿನ ಪಾಸ್ಸಿಯಲ್ಲಿದ್ದ ಆತನ ಮನೆಯಲ್ಲೇ ನಡೆದವು.

ಸಮಿತಿ ಕೇಳಿಕೊಂಡ ಪ್ರಶ್ನೆ ಬಹಳ ಜಾಣತನದ್ದು. ಜನ ವಾಸಿಯಾದರೋ ಇಲ್ಲವೋ ಎಂಬುದನ್ನು ಅವರು ಮುಖ್ಯ ಮಾಡಲಿಲ್ಲ. ಜನ ತಾವಾಗಿಯೇ ವಾಸಿಯಾಗುವುದೂ ಉಂಟು. ಆ ದ್ರವ ನಿಜಕ್ಕೂ ಇದೆಯೇ ಎಂಬುದನ್ನಷ್ಟೇ ಹಿಡಿದುಕೊಂಡರು. ಇದ್ದರೆ, ರೋಗಿಗೆ ಗೊತ್ತಿಲ್ಲದೆ ಹರಿಸಿದಾಗಲೂ ಕೆಲಸ ಮಾಡಬೇಕು. ಇಲ್ಲದಿದ್ದರೆ, ಹರಿಸದೆ ಹರಿಸಿದ್ದೇವೆ ಅಂದರೂ ಕೆಲಸ ಮಾಡಬೇಕು.

ಫ್ರಾಂಕ್ಲಿನ್ ತೋಟದಲ್ಲಿ ದೆಲೋನ್ ಒಂದು ಜರ್ದಾಳು ಮರವನ್ನು ‘ಕಾಂತೀಕರಿಸಿದ’. ಈ ಚಿಕಿತ್ಸೆ ಚೆನ್ನಾಗಿ ತಾಗುತ್ತದೆ ಎಂದು ದೆಲೋನ್‌ನೇ ಆರಿಸಿ ತಂದ 12 ವರ್ಷದ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ, ಬೇರೆ ಬೇರೆ ಮರಗಳ ಬಳಿ ನಡೆಸಿ ಅಪ್ಪಿಕೊಳ್ಳಲು ಹೇಳಿದರು. ಮೊದಲ ಮರದ ಬಳಿಯೇ ಹುಡುಗ ಬೆವರಿ ಕೆಮ್ಮಿದ. ಎರಡನೆಯದರಲ್ಲಿ ಮಂಕಾದ. ಮೂರನೆಯದರಲ್ಲಿ ತಲೆನೋವು ಹೆಚ್ಚಿತು, ಸರಿಯಾದ ಮರದ ಹತ್ತಿರ ಬರುತ್ತಿದ್ದೇನೆ ಅನ್ನಿಸಿತು. ನಾಲ್ಕನೆಯದರ ಬಳಿ ಕೈಕಾಲು ಸೆಟೆದು ಪ್ರಜ್ಞೆ ತಪ್ಪಿ ಬಿದ್ದ. ಕಾಂತೀಕರಿಸಿದ ಮರ ಅಲ್ಲಿಂದ 24 ಅಡಿ ದೂರದಲ್ಲಿತ್ತು. ಅದರ ಬಳಿಗೆ ಅವನು ಹೋಗಿರಲೇ ಇಲ್ಲ.

ಲವಾಸಿಯೆ ಮನೆಯಲ್ಲಿ ಒಬ್ಬ ಮಹಿಳೆಗೆ ಸಾಲಾಗಿ ಲೋಟಗಳನ್ನು ಕೊಟ್ಟರು. ಏನೂ ಮಾಡದ ಬರೀ ಲೋಟ ಮುಟ್ಟಿದಾಗ ಆಕೆಗೆ ಸೆಳೆತ ಬಂತು. ಸುಧಾರಿಸಿಕೊಳ್ಳಲು ನೀರು ಕೇಳಿದಾಗ, ದೆಲೋನ್ ನಿಜವಾಗಿ ‘ಕಾಂತೀಕರಿಸಿದ್ದ’ ಲೋಟದಲ್ಲೇ ಕೊಟ್ಟರು. ಆಕೆ ಆರಾಮಾಗಿ ಕುಡಿದು ಹಗುರವಾಯಿತು ಅಂದಳು. ಇನ್ನೊಬ್ಬಾಕೆಯನ್ನು ಬಾಗಿಲ ಒಂದು ಬದಿ ಮಾತಿಗೆ ಕೂರಿಸಿ, ಆಚೆಯಿಂದ ಅರ್ಧ ಗಂಟೆ ಗುಟ್ಟಾಗಿ ಶಕ್ತಿ ಹರಿಸಿದರು. ಆಕೆ ಖುಷಿಯಾಗಿ ಹರಟುತ್ತಲೇ ಇದ್ದಳು. ಆಮೇಲೆ ಎದುರಿಗೇ ಬಂದು ಶುರುಮಾಡಿದಾಗ ಕೆಲವೇ ನಿಮಿಷಕ್ಕೆ ಸೆಳೆತ.

ಆಗಸ್ಟ್‌ನಲ್ಲಿ ವರದಿ ಬಂತು. ಕಲ್ಪನೆ ಇದ್ದಲ್ಲಿ ದ್ರವವಿಲ್ಲದೆಯೂ ಸೆಳೆತ ಬರುತ್ತದೆ, ಕಲ್ಪನೆ ಇಲ್ಲದಲ್ಲಿ ದ್ರವ ಏನೂ ಮಾಡುವುದಿಲ್ಲ. ಆದ್ದರಿಂದ ಅಂಥ ದ್ರವ ಇದೆ ಎನ್ನಲು ಆಧಾರವಿಲ್ಲ ಎಂಬುದು ಅದರ ಸಾರ. ಸಾವಿರಾರು ಪ್ರತಿ ಅಚ್ಚಾಗಿ ಹಂಚಿಹೋದವು. ಇಂದು ಹೊಸ ಔಷಧಿ ಬಂದಾಗ ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಅದರಂತೆಯೇ ಕಾಣುವ ಖಾಲಿ ಮಾತ್ರೆ ಕೊಟ್ಟು, ಯಾರಿಗೆ ಯಾವುದು ಎಂದು ತಿಳಿಸದೆ ಪರೀಕ್ಷಿಸುತ್ತಾರಲ್ಲ, ಅದರ ಮೂಲ ಹುಡುಕಿ ಹೊರಟರೆ ಈ ತೋಟಕ್ಕೇ ಬಂದು ನಿಲ್ಲಬೇಕು.

ಹಾಗಾದರೆ ಗುಣವಾದವರೆಲ್ಲ ಸುಳ್ಳು ಹೇಳಿದರೆ?

ಇಲ್ಲ. ಹುಡುಗ ನಾಟಕವಾಡಲಿಲ್ಲ, ನಿಜವಾಗಿಯೇ ಬಿದ್ದ. ಮೆಸ್ಮರ್ ಬಳಿ ಹೋದ ಎಷ್ಟೋ ಜನರಿಗೆ ನೋವು ನಿಜವಾಗಿಯೇ ಕಮ್ಮಿಯಾಯಿತು. ಅದಕ್ಕೆ ಮೂರ್ನಾಲ್ಕು ಕಾರಣ ಸೇರಿಕೊಂಡಿದ್ದವು. ಆ ಕಾಲದ ಮಾಮೂಲಿ ವೈದ್ಯರು ರಕ್ತ ತೆಗೆದು, ಭೇದಿ ಮಾಡಿಸಿ, ರೋಗಿಯನ್ನು ಇನ್ನಷ್ಟು ಸೋಲಿಸುತ್ತಿದ್ದರು. ಅದರಿಂದ ತಪ್ಪಿಸಿಕೊಂಡದ್ದೇ ಲಾಭ. ಎಷ್ಟೋ ನೋವು ಏರಿ ತಾನಾಗಿ ಇಳಿಯುತ್ತದೆ, ಜನ ಚಿಕಿತ್ಸೆಗೆ ಓಡುವುದು ಏರಿದಾಗಲೇ. ಜೊತೆಗೆ ಇಂದು ಪ್ಲಸೀಬೊ ಪರಿಣಾಮ ಅನ್ನುವ ನಿರೀಕ್ಷೆಯ ಶಕ್ತಿ: ನೋವು, ವಾಕರಿಕೆ, ಸುಸ್ತು ಇಂಥವನ್ನು ಅದು ತಗ್ಗಿಸಬಲ್ಲದು. ಗಡ್ಡೆಯನ್ನು ಕರಗಿಸಲಾರದು, ಸೋಂಕನ್ನು ಓಡಿಸಲಾರದು. ತೊಟ್ಟಿಯ ಬಳಿ ಕೂತು ಹಗುರವೆನಿಸಿದ ರೋಗಿ ಆ ಹಗುರವನ್ನೇ ನಂಬಿ ಬೇರೆ ಚಿಕಿತ್ಸೆ ಬಿಟ್ಟರೆ ಅಪಾಯ ಅಲ್ಲಿಂದ ಶುರು. ಕಲ್ಪನೆಯಿಂದಲೇ ಗುಣವಾಗುವುದಾದರೆ ಆ ಕಲ್ಪನೆಯನ್ನೇ ಔಷಧಿಯಾಗಿ ಯಾಕೆ ಬಳಸಬಾರದು ಎಂದು ದೆಲೋನ್ ವಾದಿಸಿದ. ಪ್ರಶ್ನೆ ಒಳ್ಳೆಯದೇ. ರೋಗಿಗೆ ಸುಳ್ಳು ಹೇಳದೆ ಅದನ್ನು ಮಾಡುವುದು ಹೇಗೆ ಎಂಬುದರ ಮೇಲೆ ಇಂದಿಗೂ ಸಂಶೋಧನೆ ನಡೆಯುತ್ತಿದೆ.

ಅಯಸ್ಕಾಂತದ ಬಳೆ ಮಾರುವವರು ಹೇಳುವ ಹೊಸ ವಾದ, ರಕ್ತದಲ್ಲಿ ಕಬ್ಬಿಣವಿದೆ, ಅಯಸ್ಕಾಂತ ಅದನ್ನು ಎಳೆದು ರಕ್ತಸಂಚಾರ ಹೆಚ್ಚಿಸುತ್ತದೆ ಎಂಬುದು. ರಕ್ತದ ಕಬ್ಬಿಣ ಮೊಳೆಯ ಕಬ್ಬಿಣದಂತೆ ಇರುವುದಿಲ್ಲ. ಹಿಮೋಗ್ಲೋಬಿನ್ ಅಣುವಿನೊಳಗೆ ಬಂಧಿಯಾಗಿರುತ್ತದೆ, ಅಯಸ್ಕಾಂತಕ್ಕೆ ಹಾಗೆ ಅಂಟುವುದಿಲ್ಲ. ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿರುವ ಅಯಸ್ಕಾಂತದ ಬಲ ಸಾಮಾನ್ಯವಾಗಿ 1.5 ಟೆಸ್ಲಾ, ಫ್ರಿಜ್ ಬಾಗಿಲಿನ ಮೇಲಿನ ಅಲಂಕಾರದ ಅಯಸ್ಕಾಂತಕ್ಕಿಂತ ನೂರಾರು ಪಟ್ಟು ಹೆಚ್ಚು. ರಕ್ತ ಎಳೆಯುವುದಾಗಿದ್ದರೆ ಎಂಆರ್‌ಐಗೆ ಮಲಗಿದವರ ಗತಿ ಏನಾಗಬೇಕಿತ್ತು?

ನಿದ್ದೆಯ ಅರ್ಥ ಬಂದದ್ದು ಶಿಷ್ಯನಿಂದ

ಅದೇ 1784ರಲ್ಲಿ, ಪ್ಯಾರಿಸ್‌ನಿಂದ ದೂರದ ಬ್ಯುಜಾನ್ಸಿ ಎಂಬ ಹಳ್ಳಿಯಲ್ಲಿ, ಮೆಸ್ಮರ್‌ನ ಇನ್ನೊಬ್ಬ ಶಿಷ್ಯ ಪ್ಯುಸೆಗುರ್ ತನ್ನ ಜಮೀನಿನ ಯುವ ಕೂಲಿಯಾಳು ವಿಕ್ಟರ್‌ಗೆ ಇದೇ ಚಿಕಿತ್ಸೆ ಮಾಡಿದ. ಸೆಳೆತ ಬರಬೇಕಾದಲ್ಲಿ ವಿಕ್ಟರ್ ಶಾಂತವಾಗಿ ನಿದ್ದೆಯಂಥ ಸ್ಥಿತಿಗೆ ಜಾರಿದ. ಆ ಸ್ಥಿತಿಯಲ್ಲೇ ಮಾತಾಡಿದ, ಹೇಳಿದಂತೆ ಕೇಳಿದ, ಎದ್ದಮೇಲೆ ಏನೂ ನೆನಪಿರಲಿಲ್ಲ. ಜನರನ್ನು ಸೆಳೆದದ್ದು ಇದು. ಸೆಳೆತ ಹಿಂದೆ ಬಿತ್ತು, ನಿದ್ದೆ ಮುಂದೆ ಬಂತು. ಹೆಸರು ಮಾತ್ರ ಗುರುವಿನದೇ ಉಳಿಯಿತು.

ಈ ‘ಮೆಸ್ಮರಿಸಂ’ ನಮ್ಮ ದೇಶಕ್ಕೂ ಬಂದಿತ್ತು. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಸ್ಕಾಟಿಷ್ ಸರ್ಜನ್ ಒಬ್ಬ ಕೈದಿಯನ್ನು ಹೀಗೆ ಮೈಮರೆಸಿ ಶಸ್ತ್ರಚಿಕಿತ್ಸೆ ಮಾಡಿದ. ಮರುವರ್ಷ ಕಲ್ಕತ್ತಾದಲ್ಲಿ ಇದಕ್ಕೆಂದೇ ಸಣ್ಣ ಆಸ್ಪತ್ರೆ ತೆರೆಯಲಾಯಿತು. ಗಂಟೆಗಟ್ಟಲೆ ಕೈ ಆಡಿಸುವ ಕೆಲಸ ಮಾತ್ರ ಸ್ಥಳೀಯ ಸಹಾಯಕರದು. ಆದರೆ 1846ರಲ್ಲಿ ಈಥರ್, 1847ರಲ್ಲಿ ಕ್ಲೋರೋಫಾರ್ಮ್ ಬಂದವು. ಯಾರ ಮೇಲಾದರೂ ನಿಮಿಷಗಳಲ್ಲಿ ಕೆಲಸ ಮಾಡುವ ಅರಿವಳಿಕೆ ಸಿಕ್ಕಮೇಲೆ ಕೈಯಾಟ ಯಾರಿಗೆ ಬೇಕು? ಅತ್ತ ಮ್ಯಾಂಚೆಸ್ಟರ್‌ನಲ್ಲಿ ಜೇಮ್ಸ್ ಬ್ರೇಡ್ ಎಂಬ ವೈದ್ಯ 1841ರಲ್ಲಿ ಇಂಥದೊಂದು ಪ್ರದರ್ಶನ ನೋಡಿ, ದ್ರವದ ಮಾತೆಲ್ಲ ಬೇಡ, ಒಂದೇ ವಸ್ತುವಿನ ಮೇಲೆ ನೆಟ್ಟ ಗಮನವೇ ಇದಕ್ಕೆ ಕಾರಣ ಎಂದು ಹೇಳಿ ಗ್ರೀಕರ ನಿದ್ರಾದೇವತೆಯ ಹೆಸರಿನಿಂದ ‘ಹಿಪ್ನಾಟಿಸಂ’ ಪದ ಬಳಕೆಗೆ ತಂದ. ವೈದ್ಯರ ಪಾಲಿಗೆ ಹಿಪ್ನಾಟಿಸಂ ಉಳಿಯಿತು. ಕೆಲಸ ಕಳೆದುಕೊಂಡ ಮೆಸ್ಮರ್ ಪದ ಸಾಹಿತ್ಯ, ಸಂಗೀತ, ಸಿನಿಮಾದವರ ಪಾಲಾಯಿತು.

ಈಗ ಬಳಕೆ ನೋಡಿ. ಯಾವುದು ನಿಮ್ಮ ಗಮನವನ್ನು ಹಿಡಿದಿಟ್ಟು, ಬೇರೆ ಕಡೆ ಕಣ್ಣು ತಿರುಗಿಸಲಾಗದಂತೆ ಮಾಡುತ್ತದೋ ಅದು ಮೆಸ್ಮರೈಸಿಂಗ್. ಹಾಗೆ ಸಿಕ್ಕಿಬಿದ್ದ ನೀವು ಮೆಸ್ಮರೈಸ್ಡ್. ಬೋರಿಂಗ್ ಮತ್ತು ಬೋರ್ಡ್ ನಡುವಿನ ವ್ಯತ್ಯಾಸವೇ ಇಲ್ಲೂ. ಹಾಡು ಕೇಳಿ ‘ಐ ಆ್ಯಮ್ ಮೆಸ್ಮರೈಸಿಂಗ್’ ಎಂದು ಬರೆದರೆ ನಿಮ್ಮನ್ನು ನೀವೇ ಹೊಗಳಿಕೊಂಡಂತೆ. ಮೆಸ್ಮರಿಕ್ ಎಂಬುದು ಅದೇ ಅರ್ಥದ, ಸ್ವಲ್ಪ ಗಂಭೀರ ಬರಹದ ರೂಪ. ಹಳೆಯ ಪುಸ್ತಕದಲ್ಲಿ ಕಂಡರೆ ಮೆಸ್ಮರ್‌ನ ಚಿಕಿತ್ಸೆಗೆ ಸಂಬಂಧಿಸಿದ್ದು ಎಂದೂ ಅರ್ಥ. ಭೀಮಸೇನ ಜೋಶಿಯವರ ನಿಧಾನದ ಆಲಾಪ ಮೆಸ್ಮರೈಸಿಂಗ್. ಅಲೆಗಳ ಏರಿಳಿತ, ಉರಿಯುವ ಬೆಂಕಿ, ಮಗ್ಗದ ಲಾಳಿಯ ಓಟ ಎಲ್ಲವೂ ಆಗಬಹುದು. ಹೆಡೆ ಎತ್ತಿದ ನಾಗರಹಾವೂ ಮೆಸ್ಮರೈಸಿಂಗ್ ಆಗಬಲ್ಲದು, ಸುಂದರ ಅನ್ನಿಸಲೇಬೇಕೆಂದಿಲ್ಲ. ರುಚಿಯಾದ ಬಿರಿಯಾನಿ, ಥಟ್ಟನೆ ಬಂದ ಸಿಹಿಸುದ್ದಿ, ಹೊಸ ಫೋನಿನ ಬೆಲೆ ಇವಕ್ಕೆ ಬೇರೆ ಪದ ಹುಡುಕಿ. ಕನ್ನಡದಲ್ಲಿ ‘ಮೋಡಿ ಮಾಡುವ’, ‘ಮೈಮರೆಸುವ’ ಎಂದರೆ ಬಹುತೇಕ ಅದೇ ಭಾವ ಬರುತ್ತದೆ. ‘ವಶೀಕರಣ’ ಬೇಡ, ಅದು ಬಸ್ ಸ್ಟ್ಯಾಂಡ್ ಗೋಡೆಯ ಜಾಹೀರಾತಿನವರ ಪದ, ಅವರು ಹೇಳುವಂಥ ಶಕ್ತಿ ಮೆಸ್ಮರ್‌ಗೂ ಇರಲಿಲ್ಲ.

ಆಮೇಲೆ

ವರದಿಯ ನಂತರ ಮೆಸ್ಮರ್ ಪ್ಯಾರಿಸ್ ಬಿಟ್ಟ. ಕ್ರಾಂತಿಯಲ್ಲಿ ಆತನ ಆಸ್ತಿಯ ಬಹುಪಾಲು ಹೋಯಿತು. ತನಿಖೆ ಮಾಡಿದವರ ಗತಿ ಇನ್ನೂ ಕೆಟ್ಟದ್ದಾಯಿತು. ಬೈಯಿ 1793ರಲ್ಲಿ, ಲವಾಸಿಯೆ 1794ರಲ್ಲಿ ಗಿಲೊಟಿನ್‌ಗೆ ತಲೆ ಕೊಟ್ಟರು. ಆ ಯಂತ್ರಕ್ಕೆ ಹೆಸರು ಬಂದದ್ದು ಅದೇ ಸಮಿತಿಯ ಗಿಯೊತೆಂನಿಂದ. ಆತ ಯಂತ್ರ ಕಂಡುಹಿಡಿದವನಲ್ಲ. ಮರಣದಂಡನೆ ಎಲ್ಲರಿಗೂ ಒಂದೇ ರೀತಿ, ನೋವಿಲ್ಲದಂತೆ ಇರಲಿ ಎಂದು ವಾದಿಸಿದ್ದನಷ್ಟೆ. ಬೇಡವೆಂದರೂ ಹೆಸರು ಅಂಟಿತು. ಆತ ಮಾತ್ರ 1814ರಲ್ಲಿ ಹಾಸಿಗೆಯಲ್ಲೇ ಸತ್ತ.

ಮೆಸ್ಮರ್ ತಾನು ಹುಟ್ಟಿದ ಸರೋವರದ ಸುತ್ತಮುತ್ತಲ ಊರುಗಳಲ್ಲಿ ಸದ್ದಿಲ್ಲದೆ ಬದುಕಿದ. 1812ರಲ್ಲಿ ಬರ್ಲಿನ್‌ನವರು ಆತನಿನ್ನೂ ಬದುಕಿದ್ದಾನೆಂದು ತಿಳಿದು ಬಂದು ಕಲಿಸುವಂತೆ ಕರೆದರು. ವಯಸ್ಸಾಯಿತೆಂದು ಒಪ್ಪಲಿಲ್ಲ, ಅವರು ಕಳಿಸಿದ ಯುವ ವೈದ್ಯನಿಗೆ ತನ್ನ ಸಿದ್ಧಾಂತ ವಿವರಿಸಿದ. ಅದರಲ್ಲಿ ಇನ್ನೂ ಗ್ರಹಗಳಿದ್ದವು, ದ್ರವವಿತ್ತು. 1815ರ ಮಾರ್ಚ್ 5ರಂದು ಮೇರ್ಸ್‌ಬರ್ಗ್ ಎಂಬ ಊರಿನಲ್ಲಿ ತೀರಿಕೊಂಡಾಗ ಆತನಿಗೆ 80 ವರ್ಷ.

ಮರಿಯಾ ತೆರೇಸಿಯಾ ಫಾನ್ ಪ್ಯಾರಡಿಸ್ ಆತನಿಗಿಂತ ಒಂಬತ್ತು ವರ್ಷ ಹೆಚ್ಚು ಬಾಳಿದಳು. 1784ರಲ್ಲಿ, ತನಿಖೆ ನಡೆಯುತ್ತಿದ್ದ ವರ್ಷವೇ, ಆಕೆ ಪ್ಯಾರಿಸ್‌ಗೆ ಬಂದು ಕಛೇರಿ ಕೊಟ್ಟಿದ್ದಳು. ಮುಂದೆ ಲಂಡನ್ನಿನಲ್ಲೂ ನುಡಿಸಿದಳು, ಸ್ವತಃ ಸಂಗೀತ ರಚಿಸಿದಳು, 1808ರಲ್ಲಿ ವಿಯೆನ್ನಾದಲ್ಲಿ ಸಂಗೀತ ಶಾಲೆ ತೆರೆದು ಸಾಯುವವರೆಗೂ ಪಾಠ ಹೇಳಿದಳು.